ಟಗರಿನ ತಲೆ ಟ್ಯಾಕ್ಸಿಡರ್ಮಿಗೆ: ಕೊಯ್ಯುವ ಹಿಂದಿನ ದಿನದಿಂದ ಚರ್ಮ ಹದವಾಗುವವರೆಗೆ

ಟ್ಯಾಕ್ಸಿಡರ್ಮಿ ಅಂದರೆ ಸತ್ತ ಪ್ರಾಣಿಯ ಚರ್ಮ ಬಿಡಿಸಿ, ಹದ ಮಾಡಿ, ಅಚ್ಚಿನ ಮೇಲೆ ಕೂರಿಸಿ, ಬದುಕಿದ್ದಾಗಿನ ಹಾಗೆ ಉಳಿಸುವ ವಿದ್ಯೆ. ಹಾಗೆ ಮಾಡಿದ ಗೋಡೆ ಮೇಲಿನ ಟಗರಿನ ತಲೆ ನೋಡಿದವರೆಲ್ಲ ಮೊದಲು ಕೊಂಬು ನೋಡುತ್ತಾರೆ. ನಾನು ಕಿವಿ ನೋಡುತ್ತೇನೆ. ಆಮೇಲೆ ಕಣ್ಣಿನ ಮೂಲೆ, ಆಮೇಲೆ ತುಟಿ. ಕಿವಿ ಒಣಗಿದ ವೀಳ್ಯದೆಲೆ ಹಾಗೆ ಮುದುರಿಕೊಂಡಿದೆ ಅಂದರೆ ಆ ಕೆಲಸ ಎಲ್ಲಿ ಕೆಟ್ಟಿತು ಅಂತ ಗೊತ್ತಾಗುತ್ತದೆ. ಪ್ರಾಣಿ ಸತ್ತ ಮೊದಲ ಕೆಲವು ಗಂಟೆಯಲ್ಲೇ ಕೆಟ್ಟಿರುತ್ತದೆ. ಆಮೇಲೆ ಎಷ್ಟೇ ಒಳ್ಳೆ ಕೈ ಅದನ್ನು ಫಾರ್ಮಿನ ಮೇಲೆ, ಅಂದರೆ ತಲೆಯಾಕಾರದ ಅಚ್ಚಿನ ಮೇಲೆ, ಕೂರಿಸಿದರೂ ಸರಿಹೋಗುವುದಿಲ್ಲ. ಹೀಗಾಗಿ ಈ ಬರಹದಲ್ಲಿ ಕೂರಿಸುವ ಕೆಲಸದ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ ಮುಂಚಿನದನ್ನು ಮಾತ್ರ ಹೇಳುತ್ತೇನೆ. ಅಲ್ಲೇ ಜಾಸ್ತಿ ಜನ ಸೋಲುವುದು.

ಮೈಸೂರಿನವರಿಗೆ ಈ ವಿದ್ಯೆ ಹೊಸದಲ್ಲ. ವ್ಯಾನ್ ಇಂಗೆನ್ ಅವರ ಕಾರ್ಖಾನೆ 1900ರ ಸುಮಾರಿಗೆ ಇಲ್ಲೇ ಶುರುವಾಗಿ, 1999ರಲ್ಲಿ ಬಾಗಿಲು ಹಾಕಿತು. ಕಾಗದದ ಪಲ್ಪಿನಿಂದ ಅಚ್ಚು ತೆಗೆದು, ಅದರ ಮೇಲೆ ಚರ್ಮ ಕೂರಿಸುವುದು ಅವರ ಪದ್ಧತಿ. ಅಲ್ಲಿಂದ ಹೋದ ಹುಲಿ ಚಿರತೆಗಳ ತಲೆ ಇವತ್ತಿಗೂ ದೇಶವಿದೇಶದ ಬಂಗಲೆಗಳಲ್ಲಿವೆ. ಆ ಕಾಲ ಮುಗಿಯಿತು, ಮುಗಿದಿದ್ದೇ ಒಳ್ಳೆಯದು. ಆದರೆ ಚರ್ಮ ಬಿಡಿಸುವ ಕೈಚಳಕ ಹಾಳಾಗಬೇಕಿಲ್ಲ. ನಮ್ಮ ಮಂಡ್ಯ ಕಡೆ ಮನೆ ಮಗನ ಹಾಗೆ ಸಾಕಿದ ಟಗರುಗಳಿವೆ. ಅವುಗಳ ನೆನಪು ಉಳಿಸಿಕೊಳ್ಳಬೇಕು ಅನ್ನುವವರೂ ಇದ್ದಾರೆ.

ಮೊದಲು ಕಾನೂನು

ಕಾಡುಪ್ರಾಣಿ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಆಮೇಲೆ 1991ರ ತಿದ್ದುಪಡಿ, ಇವೆರಡೂ ಸೇರಿ ಷೋಕಿಯ ಬೇಟೆಯನ್ನು ಪೂರ್ತಿ ನಿಲ್ಲಿಸಿವೆ. ಕಬ್ಬಿನ ಗದ್ದೆಗೆ ಬರುವ ಹಂದಿ, ಬೇಲಿಯ ಮೊಲ, ನವಿಲು ಯಾವುದನ್ನೂ ಮುಟ್ಟಬೇಡಿ. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತು ಬಿದ್ದಿದ್ದರೂ ಅಷ್ಟೇ. ಸತ್ತು ಸಿಕ್ಕಿದ ಕಾಡುಪ್ರಾಣಿ ಕಾನೂನಿನ ಪ್ರಕಾರ ಸರ್ಕಾರದ ಆಸ್ತಿ. ಮನೆಗೆ ತಂದರೆ ಕೇಸಾಗುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ, ಸುಮ್ನೆ ಬಂದುಬಿಡಿ.

ಸಾಕುಪ್ರಾಣಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕುರಿ, ಮೇಕೆ, ನಾಟಿ ಹುಂಜ ಇವುಗಳ ಮೇಲೆ ಧೈರ್ಯವಾಗಿ ಕೆಲಸ ಕಲಿಯಬಹುದು. ಬೇರೆ ದೇಶಗಳಲ್ಲಿ ಪರವಾನಗಿ ಪಡೆದು ಬೇಟೆಯಾಡಿದ ಜಿಂಕೆಯ ತಲೆಗೆ ಯಾವ ಕ್ರಮವೋ ಟಗರಿಗೂ ಅದೇ ಕ್ರಮ. ಗೆರೆ ಅದೇ, ಉಪ್ಪು ಅದೇ.

ಇನ್ನೊಂದು ಎಚ್ಚರಿಕೆ ಕಾನೂನಿನದಲ್ಲ, ಜೀವದ್ದು. ಕಾಯಿಲೆಯಿಂದ ಸತ್ತ ಕುರಿಯ ಚರ್ಮ ಬಿಡಿಸಬೇಡಿ. ಅದರಲ್ಲೂ ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಿ ಗುದದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಆ ಹೆಣಕ್ಕೆ ಚಾಕು ತಾಗಿಸಲೇಬಾರದು. ತಕ್ಷಣ ಪಶುವೈದ್ಯರಿಗೆ ಹೇಳಿ. ಬಾಯಿ ಸುತ್ತ ಹುಣ್ಣಾಗಿ ಪೊರೆ ಕಟ್ಟಿರುವ ಕುರಿಯೂ ಬೇಡ, ಆ ಹುಣ್ಣು ನಮ್ಮ ಕೈಗೂ ಬರುತ್ತದೆ. ಆರೋಗ್ಯವಾಗಿದ್ದ ಪ್ರಾಣಿಯಾದರೂ ರಬ್ಬರ್ ಕೈಗವಸು ಹಾಕಿಕೊಂಡೇ ಕೂರಿ.

ಹಿಂದಿನ ದಿನ

ಕೆಲಸ ಶುರುವಾಗುವುದು ಟಗರು ಇನ್ನೂ ಹುಲ್ಲು ಮೇಯುತ್ತಿರುವಾಗ.

ನಮ್ಮ ಚಿಕ್ಕಪ್ಪನ ಟಗರು ಭೀಮನಿಗೆ ವಯಸ್ಸಾಗಿತ್ತು. ಬನ್ನೂರು ಕುರಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಇದು ಉತ್ತರದ ಕಡೆಯಿಂದ ಮರಿಯಾಗಿ ತಂದಿದ್ದು, ಎರಡು ಸುತ್ತು ಸುತ್ತಿದ ಕೊಂಬು. ಫೋಟೋ ತೆಗೆಯೋಣ ಅಂತ ಕೊಟ್ಟಿಗೆಗೆ ಹೋದೆ. ಚಿಕ್ಕಪ್ಪ ಅದರ ಕುತ್ತಿಗೆ ಸವರುತ್ತಾ ನಿಂತಿದ್ದರು. "ನೋಡ್ಲಾ ಮಗ, ಎಡಗಿವಿ ಹಿಂಗೆ ವಾಲ್ತದೆ. ಚಿಕ್ಕದ್ರಲ್ಲಿ ಗುದ್ದಾಡಿ ಆಗಿದ್ದು. ನೀನು ಅದನ್ನ ನೆಟ್ಟಗೆ ನಿಲ್ಸಬ್ಯಾಡ ಕಣ್ಲಾ" ಅಂದರು. ನಾನು ಅಷ್ಟು ಹೊತ್ತು ಅದನ್ನು ಗಮನಿಸಿಯೇ ಇರಲಿಲ್ಲ. ಸತ್ತ ಮೇಲೆ ಎರಡೂ ಕಿವಿ ಒಂದೇ ಥರ ಜೋತುಬೀಳುತ್ತವೆ. ಆಗ ಯಾವ ಕಿವಿ ಹೇಗಿತ್ತು ಅಂತ ಯಾರೂ ಹೇಳಲಾರರು.

ಹಾಗಾಗಿ ಬದುಕಿರುವಾಗಲೇ ಫೋಟೋ ತೆಗೆಯಿರಿ. ಎದುರಿನಿಂದ, ಎರಡೂ ಪಕ್ಕದಿಂದ, ಮೇಲಿನಿಂದ. ಕಣ್ಣನ್ನು ತುಂಬಾ ಹತ್ತಿರದಿಂದ ತೆಗೆಯಿರಿ. ಕುರಿಯ ಕಣ್ಣಿನ ಕಪ್ಪು ಗುಡ್ಡೆ ಅಡ್ಡಡ್ಡ ಇರುತ್ತದೆ, ಮೇಲಿನ ರೆಪ್ಪೆ ಅದರ ಮೇಲೆ ಎಷ್ಟು ಇಳಿದಿದೆ ಅನ್ನುವುದೇ ಮುಖದ ಕಳೆ. ಮೂಗಿನ ಹೊಳ್ಳೆ, ಮುಚ್ಚಿದ ತುಟಿಯ ಗೆರೆ, ಕಿವಿ ಹಿಂದೆ ಕೂದಲು ಯಾವ ಕಡೆ ತಿರುಗಿದೆ ಅನ್ನುವುದು, ಎಲ್ಲಾ ಬೇಕು. ಮೂವತ್ತು ನಲವತ್ತು ಫೋಟೋ ಆದರೂ ಜಾಸ್ತಿಯಾಗಲಿಲ್ಲ.

ಇಷ್ಟು ಸಾಮಾನು ಹಿಂದಿನ ದಿನವೇ ಜೋಡಿಸಿಡಿ: ಚೂಪಾದ ಚಿಕ್ಕ ಚಾಕು ಒಂದು, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಬ್ಲೇಡ್ ಮತ್ತು ಹಿಡಿ, ಮೊಂಡ ಸ್ಕ್ರೂಡ್ರೈವರ್, ಹಿಡಿ ನಯವಾಗಿರುವ ಸ್ಟೀಲ್ ಚಮಚ, ದರ್ಜಿಯ ಟೇಪು, ನೋಟ್‌ಬುಕ್ಕು, ಹಳೇ ಪಂಚೆ ಬಟ್ಟೆ, ಆರು ಕೆಜಿ ಪುಡಿ ಉಪ್ಪು.

ಉಪ್ಪಿನ ಬಗ್ಗೆ ಒಂದು ಮಾತು. ಚರ್ಮದ ಮಂಡಿಯವರು ಕಲ್ಲುಪ್ಪು ಎರಚುತ್ತಾರೆ. ಅವರಿಗೆ ಅದು ಸಾಕು, ಯಾಕೆಂದರೆ ಅವರಿಗೆ ಮುಖ ಬೇಡ. ನಮಗೆ ರೆಪ್ಪೆಯ ಮಡಿಕೆಯೊಳಗೂ ಉಪ್ಪು ಹೋಗಬೇಕು. ಕಲ್ಲುಪ್ಪಿನ ಹರಳು ಅಲ್ಲಿ ಕೂರುವುದಿಲ್ಲ. ಅಯೋಡಿನ್ ಇಲ್ಲದ ಕಲ್ಲುಪ್ಪು ತಂದು, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ರವೆಯಷ್ಟು ಸಣ್ಣ ಮಾಡಿಕೊಳ್ಳಿ. ಒದ್ದೆ ಇದ್ದರೆ ಬಿಸಿಲಿಗೆ ಹರವಿ.

ಕಾಲವನ್ನೂ ನೋಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಗ್ಗೆ ಆರಕ್ಕೆ ಶುರುಮಾಡಿದರೆ ಕೆಲಸ ನಿಮ್ಮ ಕೈಯಲ್ಲಿರುತ್ತದೆ. ಏಪ್ರಿಲ್‌ನ ಮಂಡ್ಯದ ಬಿಸಿಲಲ್ಲಿ ಹಸಿ ಚರ್ಮ ಯಾರ ಮಾತೂ ಕೇಳುವುದಿಲ್ಲ. ಬೆಚ್ಚಗಿನ, ಒದ್ದೆ ಚರ್ಮದಲ್ಲಿ ಬ್ಯಾಕ್ಟೀರಿಯಾ ಬಹಳ ಬೇಗ ಬೆಳೆದು ಕೂದಲಿನ ಬುಡ ಸಡಿಲ ಮಾಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಹದಿನೈದು ದಿನ ಬಿಟ್ಟು, ಹದ ಮಾಡುವಾಗ, ಕೈಗೆ ಕೈತುಂಬ ಕೂದಲು ಬರುತ್ತದೆ. ಕುರಿಗೆ ತುಪ್ಪಟ ಬೇರೆ ಇದೆ, ಕಂಬಳಿ ಹೊದ್ದ ಹಾಗೆ ಮೈಯ ಕಾವು ಒಳಗೇ ಉಳಿಯುತ್ತದೆ.

ಕೊಯ್ಯುವಾಗ

ಇಲ್ಲಿ ನಮ್ಮ ಊರಿನ ಎರಡು ರೂಢಿ ನಮ್ಮ ಕೆಲಸಕ್ಕೆ ಅಡ್ಡ ಬರುತ್ತವೆ. ಒಂದು, ಗಂಟಲು ಅಡ್ಡ ಕೊಯ್ಯುವುದು. ಇನ್ನೊಂದು, ತಲೆ ಸುಡುವುದು.

ತಲೆಮಾಂಸಕ್ಕೆ ಬೆಂಕಿ ಮೇಲೆ ತಲೆ ಸುಟ್ಟು, ಕೂದಲು ಕೆರೆದು ಕೊಡುವುದು ಮಟನ್ ಅಂಗಡಿಯಲ್ಲಿ ದಿನನಿತ್ಯದ ಅಭ್ಯಾಸ. ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ. ಹಿಂದಿನ ದಿನ ಹೇಳಿ, ಬೆಳಗ್ಗೆ ಇನ್ನೊಮ್ಮೆ ಹೇಳಿ, ಕೊಯ್ದ ಮೇಲೆ ಪಕ್ಕದಲ್ಲೇ ನಿಂತುಕೊಳ್ಳಿ. "ಅಣ್ಣ, ತಲೆ ಸುಡಬೇಡಿ, ಚರ್ಮ ಬಿಡಿಸಬೇಡಿ, ನಾನೇ ಬಿಡಿಸ್ಕೋತೀನಿ" ಅಂದರೆ ಅವರಿಗೆ ಅರ್ಥವಾಗುತ್ತದೆ.

ಗಂಟಲಿನದು ಸ್ವಲ್ಪ ಕಷ್ಟ. ಅಡ್ಡ ಕೊಯ್ದ ಗಾಯ ಗೋಡೆ ಮೇಲಿನ ತಲೆಗೆ ಎದುರಲ್ಲೇ ಬರುತ್ತದೆ. ಆದರೆ ಪ್ರಾಣಿಗೆ ನೋವು ಕಡಿಮೆ ಆಗುವುದು ಮುಖ್ಯ, ಕೊಯ್ಯುವವರ ನಂಬಿಕೆಗೂ ಅಡ್ಡ ಹೋಗಬಾರದು. ನಾನು ಕೇಳುವುದು ಇಷ್ಟೇ: ಚೂಪಾದ ಚಾಕುವಿನಲ್ಲಿ ಒಂದೇ ಗೀಟು, ದವಡೆ ಹತ್ತಿರ, ಆದಷ್ಟು ಮೇಲೆ. ನೇರವಾದ ಒಂದು ಗೀಟನ್ನು ಒಳಗಿನಿಂದ ಹೊಲಿದರೆ ದವಡೆಯ ನೆರಳಲ್ಲಿ, ಕೂದಲ ಕೆಳಗೆ ಮುಚ್ಚಿಹೋಗುತ್ತದೆ. ಎರಡು ಮೂರು ಸಲ ಗರಗಸದ ಹಾಗೆ ಎಳೆದಿದ್ದರೆ ಹರಿದ ಅಂಚುಗಳು ಕೂಡಿಕೊಳ್ಳುವುದಿಲ್ಲ.

ರಕ್ತ ಹರಿಯುವಾಗ ಕುತ್ತಿಗೆಯ ಕೂದಲಿಗೆ ಬಟ್ಟೆ ಸುತ್ತಿ. ಆದರೂ ತಾಗಿದರೆ ತಣ್ಣೀರಲ್ಲಿ ತಕ್ಷಣ ತೊಳೆಯಿರಿ. ಬಿಸಿನೀರು ಹಾಕಿದರೆ ರಕ್ತ ಕೂದಲಿಗೆ ಕಚ್ಚಿಕೊಳ್ಳುತ್ತದೆ, ಬಿಳಿ ಕುರಿಯಾದರೆ ಆ ಕಲೆ ಹೋಗುವುದೇ ಇಲ್ಲ. ನೆಲದ ಮೇಲೆ ಎಳೆಯಬೇಡಿ. ಒಂದು ಮಾರು ಒರಟು ನೆಲ ಸಾಕು, ಪಕ್ಕೆಯ ಕೂದಲು ಸವೆದು ಬೋಳಾಗಲು. ಇಬ್ಬರು ಎತ್ತಿ, ಹಿಂಗಾಲಿಂದ ನೇತುಹಾಕಿ.

ಕತ್ತರಿಸುವ ಗೆರೆ

ಎದೆಯವರೆಗಿನ ತಲೆ ಮಾಡಬೇಕು ಅಂದುಕೊಳ್ಳಿ. ಮುಂಗಾಲಿನ ಹಿಂದೆ, ಒಂದು ಗೇಣು ಬಿಟ್ಟು, ಮೈ ಸುತ್ತ ಬಳೆಯ ಹಾಗೆ ಒಂದು ಗೆರೆ. ಎರಡೂ ಮುಂಗಾಲಿನ ಮಂಡಿಯ ಮೇಲೆ ಸುತ್ತ ಒಂದೊಂದು ಗೆರೆ. ಅಲ್ಲಿಂದ ಕಾಲಿನ ಹಿಂಬದಿಯಲ್ಲಿ ಮೇಲಕ್ಕೆ ಹೋಗಿ ಬಳೆ ಗೆರೆಗೆ ಸೇರಿಸಿ. ಕೊನೆಯದು ಬೆನ್ನ ಮೇಲಿನ ಗೆರೆ: ಹೆಗಲ ನಡುವಿನಿಂದ ಕುತ್ತಿಗೆಯ ಮೇಲೆ ನೆಟ್ಟಗೆ ಬಂದು, ಕೊಂಬುಗಳ ಹಿಂದೆ ನಾಲ್ಕು ಬೆರಳು ಇರುವಾಗ ಕವಲೊಡೆದು, ಒಂದೊಂದು ಕವಲು ಒಂದೊಂದು ಕೊಂಬಿನ ಬುಡಕ್ಕೆ. ಕವಣೆ ಕೋಲಿನ ಆಕಾರ.

ಚಾಕುವಿನ ಬಾಯಿ ಮೇಲಕ್ಕಿರಲಿ. ಚರ್ಮದ ಕೆಳಗೆ ತೂರಿಸಿ ಒಳಗಿಂದ ಹೊರಗೆ ಸೀಳಿ. ಹೊರಗಿನಿಂದ ಒತ್ತಿ ಕೊಯ್ದರೆ ಕೂದಲೂ ತುಂಡಾಗಿ, ಹೊಲಿಗೆ ಹಾಕಿದ ಮೇಲೆ ಅಲ್ಲೊಂದು ದಾರಿ ಬಿಟ್ಟ ಹಾಗೆ ಕಾಣುತ್ತದೆ.

ಚರ್ಮ ಧಾರಾಳವಾಗಿ ಬಿಡಿ. ತುಂಬಾ ಜನ ಕುತ್ತಿಗೆ ಬುಡಕ್ಕೇ ಕತ್ತರಿಸಿ ತರುತ್ತಾರೆ. ಜಾಸ್ತಿ ಇದ್ದರೆ ಕತ್ತರಿಸಬಹುದು, ಕಡಿಮೆ ಆದರೆ ಎಲ್ಲಿಂದ ತರುವುದು? ಎದೆಯ ಮುಂಭಾಗದ ಆ ಉಬ್ಬು ಇಲ್ಲದಿದ್ದರೆ ಟಗರಿನ ಗತ್ತೇ ಹೋಯಿತು.

ಕೊಯ್ದ ಗೆರೆಯಿಂದ ಮುಂದೆ ಚಾಕು ಬದಿಗಿಡಿ. ಮುಷ್ಟಿ ಬಿಗಿದು ಚರ್ಮಕ್ಕೂ ಮಾಂಸಕ್ಕೂ ನಡುವೆ ಒತ್ತುತ್ತಾ ಹೋಗಿ. ಬಿಸಿ ಇರುವಾಗ ಬಿಳಿ ಪೊರೆ ತಾನಾಗೇ ಬಿಡುತ್ತದೆ. ನಮ್ಮ ಮಟನ್ ಅಂಗಡಿಯವರು ಇದನ್ನು ಎರಡು ನಿಮಿಷದಲ್ಲಿ ಮಾಡುತ್ತಾರೆ, ಅವರ ಕೈ ನೋಡಿ ಕಲಿಯುವುದು ಬಹಳ ಇದೆ. ಹೀಗೆ ಚರ್ಮವನ್ನು ಅಂಗಿ ಕಳಚಿದ ಹಾಗೆ ತಲೆಯವರೆಗೆ ತಂದು, ತಲೆಬುರುಡೆ ಮತ್ತು ಮೊದಲ ಕುತ್ತಿಗೆ ಮೂಳೆಯ ಕೀಲಿನಲ್ಲಿ ತಲೆ ಬೇರ್ಪಡಿಸಿ.

ಮಾಂಸ ಅಡುಗೆಮನೆಗೆ ಹೋಗುವ ಮುಂಚೆ ಟೇಪು ಹಿಡಿಯಿರಿ. ಚರ್ಮ ಇಲ್ಲದ ಕುತ್ತಿಗೆಯ ಸುತ್ತಳತೆ ಮೂರು ಕಡೆ: ಕಿವಿ ಹಿಂದೆ, ನಡುವೆ, ಎದೆ ಸೇರುವಲ್ಲಿ. ತಲೆಯಲ್ಲಿ ಮೂಗಿನ ತುದಿಯಿಂದ ಕಣ್ಣಿನ ಮುಂದಿನ ಮೂಲೆಗೆ, ಮೂಗಿನ ತುದಿಯಿಂದ ಬುರುಡೆಯ ಹಿಂಭಾಗಕ್ಕೆ, ಕಣ್ಣಿಂದ ಕಣ್ಣಿಗೆ. ಫಾರ್ಮ್ ಮಾಡುವುದು ಈ ಅಳತೆಗೆ. ಕೂದಲ ಮೇಲಿನಿಂದ ಅಳೆದ ಅಳತೆ ನಂಬಿದರೆ ಕುತ್ತಿಗೆ ಹಂಡೆಯಂತಾಗುತ್ತದೆ.

ಮುಖ

ಈಗ ನೆರಳಲ್ಲಿ ಕೂರಿ. ಅವಸರ ಬಿಡಿ. ಒಂದೂವರೆ ಗಂಟೆ ಹಿಡಿಯುತ್ತದೆ.

ಕೊಂಬಿನ ಬುಡದಲ್ಲಿ ಚರ್ಮ ಗಟ್ಟಿಯಾಗಿ ಕಚ್ಚಿರುತ್ತದೆ. ಚಾಕು ಹಾಕಿದರೆ ಚೂರು ಚೂರು. ಸ್ಕ್ರೂಡ್ರೈವರ್ ತುದಿಯನ್ನು ಕೊಂಬಿನ ಅಂಚಿಗೆ ಒತ್ತಿ, ಸುತ್ತ ಮೀಟುತ್ತಾ ಬನ್ನಿ, ಕೂದಲಿರುವ ಅಂಚು ಪೂರ್ತಿ ಚರ್ಮದ ಜೊತೆಗೇ ಬರಬೇಕು. ಕಿವಿಯ ಬುಡವನ್ನು ಬುರುಡೆಗೆ ತಾಗಿದ ಹಾಗೆ ಕತ್ತರಿಸಿ, ಕಿವಿ ಚರ್ಮದಲ್ಲೇ ಇರಲಿ.

ಆಮೇಲೆ ಕಣ್ಣು. ಮೈಸೂರಲ್ಲಿ ನನಗೆ ಈ ಕೆಲಸ ಹೇಳಿಕೊಟ್ಟ ಹಿರಿಯರು ಇಲ್ಲಿ ನನ್ನ ಚಾಕು ಕಿತ್ತುಕೊಂಡು, ಎಡಗೈಯ ತೋರುಬೆರಳನ್ನು ಹೊರಗಿನಿಂದ ಕಣ್ಣಿನ ಗೂಡಿಗೆ ಇಡಿಸಿದರು. "ಬೆರಳು ನೋಡ್ತದೆ, ನೀನು ನೋಡಬೇಡ" ಅಂದರು. ನಿಜ. ರೆಪ್ಪೆಯ ಕೆಳಗೆ ಬೆರಳು ಇಟ್ಟು ಹೊರಕ್ಕೆ ತಳ್ಳಿದರೆ, ಒಳಗಿಂದ ಬ್ಲೇಡು ಎಷ್ಟು ಹತ್ತಿರ ಬಂತು ಅಂತ ಚರ್ಮದ ಮೂಲಕ ಗೊತ್ತಾಗುತ್ತದೆ. ಬ್ಲೇಡಿನ ತುದಿ ಮೂಳೆಗೆ ತಾಗಿಕೊಂಡೇ ಸಾಗಲಿ. ಮೇಲಿನ ರೆಪ್ಪೆ ಸುಲಭವಾಗಿ ಬಿಡುತ್ತದೆ. ಕಣ್ಣಿನ ಮುಂದಿನ ಮೂಲೆ ಬಿಡುವುದಿಲ್ಲ. ಅಲ್ಲಿ ಕುರಿಗೆ ಒಂದು ಗುಳಿ ಇದೆ, ಕಣ್ಣಿನ ಕೆಳಗೆ, ಮೇಣದಂಥ ಜಿಡ್ಡು ತುಂಬಿದ ಸಣ್ಣ ಚೀಲ. ಮೇಕೆಗೆ ಅದು ಇಲ್ಲ. ಮೇಕೆ ಮೇಲೆ ಕಲಿತವರು ಕುರಿಯಲ್ಲಿ ತೂತು ಮಾಡುವುದು ಇಲ್ಲೇ. ಚೀಲವನ್ನು ಮೂಳೆಯ ತಗ್ಗಿನಿಂದ ಚಮಚದ ಹಿಡಿಯಲ್ಲಿ ಮೆಲ್ಲಗೆ ಎಬ್ಬಿಸಿ, ಪೂರ್ತಿ ಚರ್ಮದ ಜೊತೆಗೇ ತೆಗೆಯಿರಿ. ಆ ಗುಳಿ ಮತ್ತೆ ಮೂಡಿದರೆ ಮಾತ್ರ ಅದು ಕುರಿಯ ಮುಖ.

ತುಟಿಯಲ್ಲಿ ವಸಡಿಗೆ ತಾಗಿಕೊಂಡು ಕತ್ತರಿಸಿ. ಒಳಗಿನ ನುಣುಪಾದ ಚರ್ಮ ಎರಡು ಸೆಂಟಿಮೀಟರ್ ಆದರೂ ತುಟಿಯ ಜೊತೆ ಬರಬೇಕು. ಕೂರಿಸುವಾಗ ಅದನ್ನು ಒಳಕ್ಕೆ ಮಡಚಿ ಸಿಕ್ಕಿಸಲಿಕ್ಕೆ ಬೇಕು. ಇಲ್ಲದಿದ್ದರೆ ಒಣಗಿದ ಮೇಲೆ ತುಟಿ ಹಿಂದಕ್ಕೆ ಸೆಳೆದು ಹಲ್ಲು ಕಿರಿದ ಹಾಗಾಗುತ್ತದೆ. ಮೂಗಿನಲ್ಲಿ ಹೊಳ್ಳೆಯ ಒಳಗಿನ ಮೆದು ಮೂಳೆಯನ್ನು ಎರಡು ಬೆರಳು ಹಿಂದೆ ಕತ್ತರಿಸಿ.

ತುಟಿ, ರೆಪ್ಪೆ, ಮೂಗು ಇವು ಎರಡು ಪದರದ ಜಾಗಗಳು. ನಡುವೆ ಮಾಂಸ ಇದೆ. ಬ್ಲೇಡಿನಿಂದ ಆ ಎರಡು ಪದರವನ್ನು ಅಂಚಿನವರೆಗೆ ಸೀಳಿ, ಪುಸ್ತಕ ತೆರೆದ ಹಾಗೆ ಬಿಡಿಸಿ. ಬಿಡಿಸದ ಜಾಗಕ್ಕೆ ಉಪ್ಪು ಇಳಿಯುವುದಿಲ್ಲ. ಉಪ್ಪು ಇಳಿಯದ ಜಾಗ ಕೊಳೆಯುತ್ತದೆ.

ಕಿವಿ

ನನ್ನ ಮೊದಲ ಟಗರಿನಲ್ಲಿ ಕಿವಿಯನ್ನು ಅರ್ಧಕ್ಕೇ ಬಿಟ್ಟೆ. ತುದಿಗೆ ಹೋದರೆ ಹರಿದೀತು ಅನ್ನುವ ಭಯ. ಮೇಲಿಂದ ಚೆನ್ನಾಗಿ ಉಪ್ಪು ಸವರಿದ್ದೆ. ಹತ್ತು ದಿನದ ಮೇಲೆ ತುದಿಯ ಎರಡು ಅಂಗುಲದಲ್ಲಿ ಕೂದಲು ಉದುರಿ, ಬೋಳು ಬೂದು ಚರ್ಮ ಉಳಿಯಿತು. ಟಗರು ಸಾಕಿದವರಿಗೆ ಅದನ್ನು ತೋರಿಸುವಾಗ ಆದ ಸಂಕಟ ಇನ್ನೂ ಮರೆತಿಲ್ಲ. ಅವರು ಏನೂ ಅನ್ನಲಿಲ್ಲ, ಸುಮ್ಮನೆ ಆ ಕಿವಿ ಮುಟ್ಟಿ ನೋಡಿದರು.

ಆದ್ದರಿಂದ ತುದಿಯವರೆಗೂ ಹೋಗಿ. ಕಿವಿಯ ಒಳಗಿರುವುದು ಎಲೆಯಾಕಾರದ ಮೆದು ಮೂಳೆ. ಅದರ ಹಿಂಬದಿಯ ಚರ್ಮ ಸಡಿಲ, ಮುಂಬದಿಯದು ಬಿಗಿ. ಹಿಂಬದಿ ಮಾತ್ರ ಬಿಡಿಸಿದರೆ ಸಾಕು. ಬುಡದ ಮಾಂಸ ತೆಗೆದು, ಚಮಚದ ಹಿಡಿಯನ್ನು ಚರ್ಮಕ್ಕೂ ಮೂಳೆಗೂ ನಡುವೆ ತೂರಿಸಿ. ನುಗ್ಗಿಸಬೇಡಿ. ಎಡಕ್ಕೆ ಬಲಕ್ಕೆ ಒರೆಸುವ ಹಾಗೆ ಆಡಿಸಿ. ಪೊರೆ ಬಿಡುವಾಗ ಬಟ್ಟೆ ಹರಿದಂಥ ಸಣ್ಣ ಸದ್ದು ಬರುತ್ತದೆ. ಅಂಚಿಗೆ ಎರಡು ಮಿಲಿಮೀಟರ್ ಇರುವಾಗ ನಿಲ್ಲಿಸಿ, ಉಳಿದದ್ದು ಹೆಬ್ಬೆರಳಿನ ಉಗುರಿನ ಕೆಲಸ. ಆಮೇಲೆ ಕಾಲುಚೀಲ ತಿರುಗಿಸಿದ ಹಾಗೆ ಕಿವಿಯನ್ನು ಒಳಹೊರಗು ಮಾಡಿ. ಒಂದು ಕಿವಿಗೆ ಇಪ್ಪತ್ತು ನಿಮಿಷ ಆದರೂ ಬೇಕು. ಸಣ್ಣ ತೂತು ಬಿದ್ದರೆ ಹೆದರಬೇಡಿ, ಒಳಗಿನಿಂದ ಎರಡು ಹೊಲಿಗೆ ಹಾಕಿದರೆ ಕಾಣುವುದಿಲ್ಲ.

ಕೆರೆದು, ತೊಳೆದು, ಉಪ್ಪು

ಮರದ ದಿಮ್ಮಿ ಅಥವಾ ದಪ್ಪ ಪಿವಿಸಿ ಪೈಪಿನ ಮೇಲೆ ಚರ್ಮದ ಒಳಬದಿ ಮೇಲೆ ಬರುವ ಹಾಗೆ ಹಾಸಿ. ಮೊಂಡ ಚಾಕುವಿನಿಂದ ನಿಮ್ಮಿಂದ ಆಚೆಗೆ ತಳ್ಳುತ್ತಾ ಕೊಬ್ಬು, ಮಾಂಸದ ಎಳೆ ಎಲ್ಲಾ ಕೆರೆಯಿರಿ. ಕುರಿ ಚರ್ಮದಲ್ಲಿ ಜಿಡ್ಡು ಜಾಸ್ತಿ. ಜಿಡ್ಡು ಉಳಿದರೆ ಉಪ್ಪನ್ನೂ ತಡೆಯುತ್ತದೆ, ಮುಂದೆ ಹದವನ್ನೂ ತಡೆಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ತಣ್ಣೀರಲ್ಲಿ ಬೇಗ ಬೇಗ ಜಾಲಿಸಿ, ಹಿಂಡದೆ ಒತ್ತಿ ನೀರು ತೆಗೆದು, ಅರ್ಧ ಗಂಟೆ ನೆರಳಲ್ಲಿ ತೂಗುಹಾಕಿ.

ನೀರು ಇಳಿದ ಮೇಲೆ ಚರ್ಮ ತೂಗಿ. ಎಷ್ಟು ತೂಕ ಬಂತೋ ಅಷ್ಟೇ ತೂಕ ಉಪ್ಪು. ನಾಲ್ಕು ಕೆಜಿ ಚರ್ಮಕ್ಕೆ ನಾಲ್ಕು ಕೆಜಿ. ಅಂಗೈಯಲ್ಲಿ ಉಜ್ಜಿ. ಮೊದಲು ಮುಖ, ಕಿವಿಯ ಒಳಗೆ, ತುಟಿಯ ಸೀಳು, ರೆಪ್ಪೆ. ಆಮೇಲೆ ಕುತ್ತಿಗೆ, ಎದೆ, ಅಂಚುಗಳು. ಅಂಚು ಮಡಚಿಕೊಂಡಿದ್ದರೆ ಬಿಡಿಸಿ ಉಜ್ಜಿ. ಉಪ್ಪು ಹಾಕಿದ ಮೈಗೆ ಉಪ್ಪು ಹಾಕಿದ ಮೈ ತಾಗುವ ಹಾಗೆ ಮಡಚಿ, ಚಾಪೆಯಂತೆ ಸಡಿಲವಾಗಿ ಸುತ್ತಿ, ಇಳಿಜಾರಾದ ಹಲಗೆ ಮೇಲಿಡಿ. ನಾಯಿ ಬೆಕ್ಕು ಬರದ ಜಾಗ ಇರಲಿ. ರಾತ್ರಿಯೆಲ್ಲ ಕೆಂಚು ನೀರು ಇಳಿಯುತ್ತದೆ. ಚೆನ್ನಾಗಿ ಇಳಿದರೆ ಉಪ್ಪು ಕೆಲಸ ಮಾಡಿದೆ ಅಂತ ಅರ್ಥ.

ಇಪ್ಪತ್ನಾಲ್ಕು ಗಂಟೆ ಬಿಟ್ಟು ಒದ್ದೆ ಉಪ್ಪು ಕೊಡವಿ, ಹೊಸ ಉಪ್ಪು ಇನ್ನೊಂದು ಸುತ್ತು. ಹಳೇ ಉಪ್ಪು ಮತ್ತೆ ಬಳಸಬೇಡಿ, ಅದರಲ್ಲಿ ಬ್ಯಾಕ್ಟೀರಿಯಾ ಸೇರಿರುತ್ತದೆ. ಇನ್ನೊಂದು ದಿನ ಕಳೆದ ಮೇಲೆ ಹಗ್ಗದ ಮೇಲೆ ಹರವಿ, ಗಾಳಿಯಾಡುವ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಲೇಬೇಡಿ. ಬಿಸಿಲಲ್ಲಿ ಉಳಿದ ಜಿಡ್ಡು ಕರಗಿ ಚರ್ಮ ಸುಟ್ಟ ಹಾಗಾಗುತ್ತದೆ, ಆಮೇಲೆ ನೀರಲ್ಲಿ ನೆನೆಯುವುದೇ ಇಲ್ಲ. ಇಳಿದ ಉಪ್ಪುನೀರನ್ನು ಗದ್ದೆಗೂ ಕಾಲುವೆಗೂ ಬಿಡಬೇಡಿ.

ಅದೇ ದಿನ ಇಷ್ಟೆಲ್ಲ ಆಗುವುದಿಲ್ಲ ಅನ್ನುವವರಿಗೆ ಫ್ರೀಜರ್ ಇದೆ. ಆದರೆ ಉಪ್ಪು ಹಾಕಿ ಫ್ರೀಜರಿಗೆ ಇಡುವುದು ತಪ್ಪು. ಉಪ್ಪು ಇರುವ ಚರ್ಮ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹಸಿ ಚರ್ಮವನ್ನು ತಣ್ಣಗಾಗಲು ಬಿಟ್ಟು, ಎರಡು ಪ್ಲಾಸ್ಟಿಕ್ ಚೀಲದೊಳಗೆ ಗಾಳಿ ತೆಗೆದು ಕಟ್ಟಿ ಇಡಿ. ಕಿವಿ ತುಟಿಗೆ ಒದ್ದೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಅವು ಫ್ರೀಜರಿನಲ್ಲೇ ಒಣಗಿ ಹೋಗುತ್ತವೆ.

ನಾಟಿ ಹುಂಜಕ್ಕೂ ಇದೇ ದಾರಿ. ಗಂಟಲಿಗೆ, ಮೂಗಿಗೆ ಹತ್ತಿ ತುರುಕಿ, ತಲೆಯನ್ನು ರೆಕ್ಕೆ ಕೆಳಗೆ ಮಡಚಿ, ಹಳೇ ನೈಲಾನ್ ಕಾಲುಚೀಲದೊಳಗೆ ತಲೆ ಮುಂದಾಗಿ ಜಾರಿಸಿದರೆ ಗರಿ ಮುರಿಯುವುದಿಲ್ಲ. ಪೂರ್ತಿ ಹುಂಜವನ್ನೇ ಫ್ರೀಜರಿಗಿಡಿ.

ಬುರುಡೆ, ಕೊಂಬು

ನಮ್ಮ ಕಡೆ ಕುರಿಗೆ ರೆಡಿಮೇಡ್ ಫಾರ್ಮ್ ಸಿಗುವುದು ಕಷ್ಟ. ಹಾಗಾಗಿ ಬುರುಡೆ ಪೂರ್ತಿ ಇಟ್ಟುಕೊಳ್ಳಿ. ಮಾಂಸ ತೆಗೆದು, ಕೊಂಬು ನೀರಿನ ಮೇಲೆ ಇರುವ ಹಾಗೆ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಯಿಸಿ. ನೀರು ಕುದಿಯಬಾರದು. ಕೊಂಬಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ. ಕಾವಿಗೆ ಕೊಂಬಿನ ಹೊರಕವಚ ಸಡಿಲವಾಗಿ, ತಿರುಗಿಸಿ ಎಳೆದರೆ ಕಳಚಿ ಬರುತ್ತದೆ. ಒಳಗೊಂದು ಮೂಳೆಯ ಕೊಂಬು ಇದೆ. ಅದರ ಮೇಲಿನ ಪೊರೆ ಪೂರ್ತಿ ಕೆರೆಯದಿದ್ದರೆ ವರ್ಷಗಟ್ಟಲೆ ವಾಸನೆ, ಹುಳು. ಬಿಳಿಗಾರದ (ಬೋರಾಕ್ಸ್) ಪುಡಿ ಸವರಿ ಒಣಗಿಸಿ. ಕವಚದ ಮೇಲೆ ಎಡ, ಬಲ ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ. ಮಿದುಳನ್ನು ಬಾಗಿಸಿದ ತಂತಿ ಮತ್ತು ನೀರಿನ ಪೈಪಿನಿಂದ ಹಿಂದಿನ ತೂತಿನ ಮೂಲಕ ತೆಗೆಯಿರಿ.

ಹಿಂದಿನ ಕಾಲದಲ್ಲಿ ಹುಳು ಬಾರದಿರಲಿ ಅಂತ ಚರ್ಮಕ್ಕೆ ಪಾಷಾಣದ, ಅಂದರೆ ಆರ್ಸೆನಿಕ್ ವಿಷದ, ಸೋಪು ಹಚ್ಚುತ್ತಿದ್ದರು. ನಿಮಗೆ ಅದು ಬೇಕಿಲ್ಲ, ಬಿಳಿಗಾರ ಸಾಕು. ಮನೆಯಲ್ಲಿ ಅಜ್ಜನ ಕಾಲದ ತಲೆ ಏನಾದರೂ ಇದ್ದರೆ ಬರಿಗೈಯಲ್ಲಿ ಉಜ್ಜಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಪಟಿಕದ ಹದ

ಉಪ್ಪಿನಲ್ಲಿ ಒಣಗಿದ ಚರ್ಮ ಹಪ್ಪಳದ ಹಾಗೆ ಗಟ್ಟಿ. ಅದನ್ನು ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ಉಪ್ಪು ಕರಗಿಸಿದ ನೀರಲ್ಲಿ ಮೆತ್ತಗಾಗುವವರೆಗೆ ನೆನೆಸಿ. ಬರೀ ನೀರು ಬೇಡ. ಗಂಟೆಗೊಮ್ಮೆ ಮುಟ್ಟಿ ನೋಡಿ, ಮೆತ್ತಗಾದ ತಕ್ಷಣ ತೆಗೆಯಿರಿ.

ಪಟಿಕಕ್ಕೆ ಅಂಗಡಿಯಲ್ಲಿ ಕೆಲವರು ಸ್ಫಟಿಕ ಅನ್ನುತ್ತಾರೆ, ಗಡ್ಡ ಮಾಡಿಕೊಂಡ ಮೇಲೆ ಉಜ್ಜುವ ಕಲ್ಲು. ನಾಲ್ಕು ಲೀಟರ್ ಬೆಚ್ಚಗಿನ ನೀರಲ್ಲಿ 450 ಗ್ರಾಂ ಪಟಿಕದ ಪುಡಿ ಕರಗಿಸಿ. ಬೇರೆ ಪಾತ್ರೆಯಲ್ಲಿ ಎರಡು ಲೀಟರ್ ನೀರಿಗೆ 110 ಗ್ರಾಂ ಬಟ್ಟೆ ಸೋಡಾ, 225 ಗ್ರಾಂ ಉಪ್ಪು. ಅಡುಗೆ ಸೋಡಾ ಅಲ್ಲ. ಈ ಸೋಡಾ ನೀರನ್ನು ಪಟಿಕದ ನೀರಿಗೆ ತುಂಬಾ ನಿಧಾನವಾಗಿ, ಕಲಕುತ್ತಾ ಸುರಿಯಿರಿ. ನೊರೆ ಉಕ್ಕುತ್ತದೆ, ಒಂದೇ ಸಲ ಸುರಿದರೆ ಹೊರಗೆ ಚೆಲ್ಲುತ್ತದೆ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣ ಅಲ್ಯೂಮಿನಿಯಂ ಬೇಡ. ಟಗರಿನ ಚರ್ಮ ಮುಳುಗಲು ಇದರ ಎರಡರಷ್ಟು ಬೇಕಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಚರ್ಮ ಮುಳುಗಿಸಿ, ದಿನಕ್ಕೆ ಎರಡು ಮೂರು ಸಲ ಕೈಯಾಡಿಸಿ.

ಮೂರನೇ ದಿನ ಕುತ್ತಿಗೆಯ ದಪ್ಪ ಜಾಗದ ಅಂಚಲ್ಲಿ ಸಣ್ಣ ಚೂರು ಕತ್ತರಿಸಿ ನೋಡಿ. ಕತ್ತರಿಸಿದ ಮೈ ಪೂರ್ತಿ ಬಿಳಿಯಾಗಿದ್ದರೆ ಹದ ಸೇರಿದೆ. ನಡುವೆ ಹಸಿ ಚರ್ಮದ ನೀಲಿ ಗೆರೆ ಕಂಡರೆ ಮತ್ತೆ ಮುಳುಗಿಸಿ. ಐದು ದಿನದವರೆಗೂ ಬೇಕಾಗಬಹುದು. ತೆಗೆದ ಮೇಲೆ ಒಂದೇ ಒಂದು ಸಲ ಬೇಗ ಜಾಲಿಸಿ. ಜಾಸ್ತಿ ತೊಳೆದರೆ ಪಟಿಕವೂ ನೀರಿನ ಜೊತೆ ಹೋಗಿಬಿಡುತ್ತದೆ.

ಈಗ ಕಿವಿಯ ತುದಿ, ಕಣ್ಣಿನ ಸುತ್ತ, ತುಟಿಯ ಅಂಚು, ಈ ಮೂರು ಕಡೆ ಎರಡು ಬೆರಳಲ್ಲಿ ಕೂದಲು ಹಿಡಿದು ಮೆಲ್ಲಗೆ ಎಳೆಯಿರಿ. ಬರಬಾರದು. ಭೀಮನ ಎಡಗಿವಿಯನ್ನು ಚಿಕ್ಕಪ್ಪನೇ ಎಳೆದು ನೋಡಿದರು. ಒಂದು ಎಳೆಯೂ ಬರಲಿಲ್ಲ. ಆವತ್ತೇ ಕೂರಿಸುವುದಾದರೆ ಒದ್ದೆ ಇರುವಾಗಲೇ ಶುರುಮಾಡಿ. ಇಲ್ಲದಿದ್ದರೆ ನೀರು ಇಳಿಸಿ, ಚೀಲದಲ್ಲಿ ಕಟ್ಟಿ ಫ್ರೀಜರಿಗಿಡಿ. ಅಳತೆಯ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅದರ ಜೊತೆಗೇ ಇಡಿ, ಎಡಗಿವಿ ಎಷ್ಟು ವಾಲಬೇಕು ಅನ್ನುವುದನ್ನೂ ಅದರಲ್ಲಿ ಬರೆದು.